ಸಿಂಬಿಯ ಉಪವಾಸ

ನಮ್ಮ ಅತ್ತೆಗೆ ಹಾವು ಕಂಡರೆ ಆಗುತ್ತಿರಲಿಲ್ಲ, ಗಂಡನೆಂದರೆ ಪ್ರಾಣ. ಕೊನೆಗೆ ಗಂಡ ಬಿಟ್ಟುಹೋದ, ಹಾವು ಉಳಿಯಿತು. ಆ ಕಥೆಯನ್ನೇ ಹೇಳಲು ಕೂತಿದ್ದೇನೆ. ಮಾವನ ಪರವಾಗಿ ಇದರಲ್ಲಿ ಒಂದು ಮಾತೂ ಸಿಗುವುದಿಲ್ಲ. ಬೇಕಾದವರು ಅವನನ್ನೇ ಹೋಗಿ ಕೇಳಿಕೊಳ್ಳಲಿ.

ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಅದೇ ಕೋಣೆಯ ಮೂಲೆಯಲ್ಲಿ ಮಷಿನ್ ಹಾಕಿಕೊಂಡು ಹರಿದ ಚಾದರ, ದಿಂಬಿನ ಚೀಲ ಹೊಲಿಯುವವಳು ನಾನು, ಇರುವುದೂ ಅವಳ ಮನೆಯಲ್ಲೇ. ಕಿಟಕಿಯಿಲ್ಲದ ಕೋಣೆ, ತಲೆಯ ಮೇಲೆ ಹಬೆಯ ಪೈಪುಗಳು, ಬೆಳಗಿನಿಂದ ಸಂಜೆಯವರೆಗೆ ಸೋಪಿನ ಪುಡಿಯ ಘಾಟು. ಆ ಘಾಟು ನಮ್ಮ ಕೈಯಿಂದ ಹೋಗುವುದೇ ಇಲ್ಲ. ಅತ್ತೆಗೆ ಅದು ಬೇಜಾರಿನ ವಿಷಯವಲ್ಲ, ಹೆಮ್ಮೆಯ ವಿಷಯ. ಬಾಗಿಲ ಹಿಡಿ ಮುಟ್ಟಿದರೂ ಕೈ ತೊಳೆಯುವ ಹೆಂಗಸು ಅವಳು. ಇಂಥವಳ ಮನೆಗೆ ಮಾವ ಒಂದು ದಿನ ಹಾವು ತಂದಿಟ್ಟ.

ಅದು ಬಾಲ್ ಪೈಥಾನ್. ಹೆಬ್ಬಾವಿನ ಜಾತಿಯಲ್ಲಿ ಚಿಕ್ಕದು, ವಿಷವಿಲ್ಲ. ಕಪ್ಪು ಮೈಮೇಲೆ ಕಂದು ಮಚ್ಚೆ, ನಡುಭಾಗ ನನ್ನ ತೋಳಿನಷ್ಟು ದಪ್ಪ. ಹೆದರಿಕೆಯಾದರೆ ಸಾಮಾನ್ಯವಾಗಿ ಕಚ್ಚುವುದಕ್ಕೂ ಹೋಗುವುದಿಲ್ಲ, ತಲೆಯನ್ನು ನಡುವೆ ತೂರಿಸಿ ಚೆಂಡಿನ ಹಾಗೆ ಸುತ್ತಿಕೊಂಡುಬಿಡುತ್ತದೆ. ಹಾಗೆ ಸುತ್ತಿಕೊಂಡದ್ದು ಹೊರೆ ಹೊರುವವರು ತಲೆಗಿಟ್ಟುಕೊಳ್ಳುವ ಬಟ್ಟೆಯ ಸಿಂಬಿಯಂತೆ ಕಂಡಿತೆಂದು ನಾನೇ ಅದಕ್ಕೆ ಸಿಂಬಿ ಅಂತ ಹೆಸರಿಟ್ಟೆ. ಹಾಲಿನಲ್ಲಿ ಟೀವಿಯ ಪಕ್ಕ ಅದರ ಗಾಜಿನ ಪೆಟ್ಟಿಗೆ. ಒಂದು ತುದಿಯಲ್ಲಿ ಬೆಚ್ಚಗಿಡುವ ದೀಪ, ಇನ್ನೊಂದು ತುದಿ ತಂಪು, ನಡುವೆ ನೀರಿನ ಬಟ್ಟಲು, ಅಡಗಿ ಕೂರಲು ಬೋರಲು ಹಾಕಿದ ಒಡಕು ಮಡಕೆ. ಫ್ರೀಜರಿನಲ್ಲಿ ಐಸ್‌ಕ್ರೀಮಿನ ಹಳೇ ಡಬ್ಬಿ, ಅದರ ತುಂಬ ಸತ್ತ ಬಿಳಿ ಇಲಿಗಳು. ಅತ್ತೆ ಎರಡು ದಿನ ಆ ಫ್ರಿಜ್ಜಿನ ನೀರನ್ನೂ ಕುಡಿಯಲಿಲ್ಲ. ಆದರೆ ಗಂಡನ ಆಸೆ ಅಂತ ಸುಮ್ಮನಾದಳು.

ಮಾವ ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಕಲಿಯಲು ಬಂದವಳೊಬ್ಬಳಿಗೆ ಗೇರು ಹಾಕುವುದನ್ನು ತೋರಿಸುತ್ತ ತೋರಿಸುತ್ತ ಅವಳ ಮನೆಯ ತನಕ ಹೋದ. ಎರಡು ವರ್ಷ ಎರಡು ಮನೆ ನಡೆಸಿದ, ಒಂದು ಮನೆಯವಳಿಗೆ ಗೊತ್ತಿದ್ದು, ಇನ್ನೊಂದು ಮನೆಯವಳಿಗೆ ಗೊತ್ತಿಲ್ಲದೆ. ಗೊತ್ತಾದ ದಿನ ಪೆಟ್ಟಿಗೆ ಎತ್ತಿಕೊಂಡು ಹೊರಟ. ಅಂದರೆ ಬಟ್ಟೆಯ ಪೆಟ್ಟಿಗೆ. ಗಾಜಿನ ಪೆಟ್ಟಿಗೆಯನ್ನು ಇಲ್ಲೇ ಬಿಟ್ಟ, ಯಾಕೆಂದರೆ ಆ ಹೊಸಬಳಿಗೆ ಹಾವೆಂದರೆ ಕೈಕಾಲು ನಡುಕ. ಜೊತೆಗೆ ಮನೆಯ ಕೀಯನ್ನೂ ಕೊಡಲಿಲ್ಲ.

"ಸಿಂಬಿ ನನ್ನ ಕೈಯಿಂದ ಮಾತ್ರ ತಿನ್ನೋದು. ನಾನು ಬಂದು ಹೋಗಿ ಮಾಡ್ತಿರಬೇಕಾಗುತ್ತೆ," ಎಂದ.

ಹೀಗೆ ಭಾನುವಾರ ಬಂತೆಂದರೆ ಈ ಮಹಾರಾಯ ಬಾಗಿಲು ತಟ್ಟದೆ ಒಳಗೆ ಬರುವನು. ಶೂ ಬಿಚ್ಚದೆ ಸೋಫಾದ ಮೇಲೆ ಕಾಲು ಚಾಚುವನು. ಫ್ರಿಜ್ ತೆಗೆದು ಏನಿದೆ ಅಂತ ನೋಡುವನು. ಹೊರಗೆ ಕಾರಿನಲ್ಲಿ ಅವಳು ಕೂತು ಹಾರನ್ ಒತ್ತುತ್ತಿರುವಳು. ಒಂದು ಸಲ ಅಂಗಿಗಳ ಗಂಟನ್ನೂ ತಂದು, "ಹೇಗೂ ನೀನು ಇಸ್ತ್ರಿ ಮಾಡ್ತಿರ್ತೀಯಲ್ಲ," ಎಂದು ಇಟ್ಟುಹೋದ. ಅತ್ತೆ ಮಾಡಿಕೊಟ್ಟಳು. ಆಯುಷ್ಯವೆಲ್ಲ ಇಸ್ತ್ರಿ ಹಿಡಿದ ಕೈ, ಅದರಲ್ಲಿ ಕಾಲರು ಸುಟ್ಟದ್ದು ಅದೇ ಮೊದಲು, ಅದೂ ಒಂದಲ್ಲ, ಎಲ್ಲ ಅಂಗಿಗಳದ್ದೂ. ಮತ್ತೆ ಅವನು ಗಂಟು ತರಲಿಲ್ಲ.

ಆದರೆ ಬರುವುದನ್ನು ಬಿಡಲಿಲ್ಲ. ನಾನು ಅತ್ತೆಯ ಜೊತೆ ಜಗಳವಾಡಿದೆ. "ಬೀಗ ಬದಲಾಯಿಸಿ ಅತ್ತೆ. ಆ ಹಾವನ್ನ ಅವನ ಕಾರಿನೊಳಗೆ ಬಿಟ್ಟು ಬನ್ನಿ, ನಾನೂ ಬರ್ತೀನಿ."

"ಹಾವೇನು ಮಾಡ್ತು ಪಾಪ," ಎಂದಳು ಅತ್ತೆ. "ಬೀಗ ನಾನು ಬದಲಾಯಿಸಿದ್ರೆ ಅದು ಸತ್ತುಹೋಯ್ತು, ನಾನೇ ಕೊಂದೆ ಅಂತ ಊರೆಲ್ಲ ಸಾರ್ತಾನೆ. ಅವನೇ ಇಟ್ಟು ಹೋಗಬೇಕು ಕೀನ."

ಮುಂದಿನ ಭಾನುವಾರ ನೇರವಾಗಿ ಕೇಳಿಯೇಬಿಟ್ಟಳು. "ಇದು ನನ್ನ ಕೈಯಿಂದ ತಿಂದ್ರೆ ಕೀ ಕೊಡ್ತೀರಾ?"

ಮಾವ ನಕ್ಕ ನಗೆ ಈಗಲೂ ನನ್ನ ಕಿವಿಯಲ್ಲಿದೆ. "ನಿನ್ನ ಕೈಯಿಂದಲಾ? ಅವತ್ತೇ ಕೀನೂ ನಿಂದು, ಹಾವೂ ನಿಂದು. ಮತ್ತೆ ಈ ಹೊಸ್ತಿಲು ತುಳಿಯಲ್ಲ, ಸರಿನಾ?" ನನ್ನ ಕಡೆ ತಿರುಗಿ, "ನೀನೇ ಸಾಕ್ಷಿ ಕಣಮ್ಮ," ಎಂದ. ಸಾಕ್ಷಿ ಬೇಕಂತೆ. ಆಗಲಿ ಅಂದುಕೊಂಡೆ.

ಅತ್ತೆಯ ಮೊದಲ ಪ್ರಯತ್ನಗಳನ್ನು ನೆನೆದರೆ ನಗು ತಡೆಯಲಾಗುವುದಿಲ್ಲ. ಇಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಿನಲ್ಲಿಟ್ಟು ಹಿಮ ಬಿಡಿಸುವುದು, ಇಕ್ಕಳದಲ್ಲಿ ಬಾಲ ಹಿಡಿದು ಮಡಕೆಯ ಮುಂದೆ ಆಡಿಸುವುದು, ಎಲ್ಲವನ್ನೂ ಮಾವ ಮಾಡಿದ ಹಾಗೆಯೇ ಮಾಡಿದಳು. ಸಿಂಬಿ ತಲೆ ಹೊರಗೆ ಹಾಕಿ, ಎರಡು ಸಲ ನಾಲಿಗೆ ಚಾಚಿ, ಮತ್ತೆ ಒಳಗೆ ಹೋಗಿಬಿಡುವುದು. ವಾರಗಟ್ಟಲೆ ಇದೇ ಕಥೆ. ಕೊನೆಗೆ ನಾವಿಬ್ಬರೂ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ ಅಂಗಡಿಯವನ ಮುಂದೆ ಗೋಳು ತೋಡಿಕೊಂಡೆವು. ಅವನು ಒಂದೊಂದೇ ಕೇಳುತ್ತ ಬಂದ. ಇಲಿ ಬೆಚ್ಚಗಿತ್ತಾ, ಕತ್ತಲು ಮಾಡಿದ್ರಾ, ಪೊರೆ ಬಿಡುವ ಸಮಯವಾ ಅಂತ.

"ಎಲ್ಲ ಸರಿಯಾಗೇ ಮಾಡಿದೀನಪ್ಪ," ಎಂದಳು ಅತ್ತೆ. "ಇಲಿನೂ ಎರಡೆರಡು ಸಲ ಸೋಪು ಹಾಕಿ ತೊಳೆದೇ ಕೊಟ್ಟಿದ್ದು."

ಅಂಗಡಿಯವನು ಕೌಂಟರಿನ ಮೇಲೆ ತಲೆಯಿಟ್ಟು ನಕ್ಕ. ನನಗೂ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಗೆಯದೆ ಏನನ್ನೂ ಮುಂದಕ್ಕೆ ದಾಟಿಸಿದವಳೇ ಅಲ್ಲ ನಮ್ಮತ್ತೆ, ಇಲಿಯನ್ನು ಹೇಗೆ ಬಿಟ್ಟಾಳು.

"ಅಮ್ಮಾ, ಅದು ನಾಲಿಗೆಯಿಂದಲೇ ವಾಸನೆ ಹಿಡಿಯೋದು. ನೀವು ಕೊಟ್ಟಿದ್ದು ಅದಕ್ಕೆ ಸೋಪಿನ ತುಂಡು," ಎಂದ ಅವನು. "ತೊಳೀಬೇಡಿ. ಕೆಲಸದ ಬಟ್ಟೆ ಬಿಚ್ಚಿಟ್ಟು ಬನ್ನಿ. ಪೆಟ್ಟಿಗೆಯೊಳಗಿನ ಮರದ ಹೊಟ್ಟನ್ನ ಕೈಗೆ ಉಜ್ಜಿಕೊಳ್ಳಿ. ಕತ್ತಲಲ್ಲಿ ಅದಕ್ಕೆ ಬಿಸಿಯೇ ಕಣ್ಣು, ಅದಕ್ಕೇ ಇಲಿಯ ತಲೆಯನ್ನ ಮೈಗಿಂತ ಬಿಸಿ ಮಾಡಿ. ಇಷ್ಟು ಮಾಡಿ ನೋಡಿ, ಯಾರ ಕೈಯಿಂದಾದ್ರೂ ತಿನ್ನುತ್ತೆ. ಅದಕ್ಕೆ ಗಂಡ ಹೆಂಡತಿ ಅಂತ ಏನೂ ಇಲ್ಲ."

ಬಿಸಿ ಅಂದರೆ ಅತ್ತೆಗೆ ಹೇಳಿಕೊಡಬೇಕಾಗಿರಲಿಲ್ಲ. ಆ ಸಂಜೆ ಪರದೆ ಎಳೆದು, ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಇಲಿಯ ತಲೆಯನ್ನು ಕೈಯ ಹಿಂಭಾಗದಿಂದ ಮುಟ್ಟಿ ನೋಡಿ ನೋಡಿ ಹದ ಮಾಡಿದಳು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು. ಇಕ್ಕಳ ಒಳಗಿಟ್ಟಳು. ಸಿಂಬಿಯ ಕತ್ತು ನಿಧಾನವಾಗಿ ಮಡಚಿಕೊಂಡಿತು, ನಾಲಿಗೆ ನಿಂತುಹೋಯಿತು. ಆಮೇಲೆ ಏನಾಯಿತೆಂದು ನನಗೆ ಕಾಣಲೇ ಇಲ್ಲ. ಇಕ್ಕಳ ಎಳೆದಂತಾಯಿತು, ನೋಡಿದರೆ ಇಲಿಯ ಸುತ್ತ ಮೂರು ಸುತ್ತು ಬಿದ್ದಿತ್ತು. ಸತ್ತ ಇಲಿಯನ್ನೇ ಮತ್ತೊಮ್ಮೆ ಕೊಂದು, ಉಸಿರು ನಿಂತಿದೆಯೆಂದು ಖಾತ್ರಿ ಮಾಡಿಕೊಂಡು, ಆಮೇಲೆ ತಲೆಯ ಕಡೆಯಿಂದ ನಿಧಾನವಾಗಿ ನುಂಗತೊಡಗಿತು. ಅತ್ತೆ ನೆಲದ ಮೇಲೆ ಕೂತುಬಿಟ್ಟಳು. ಅವಳ ಕಣ್ಣಲ್ಲಿ ನೀರಿತ್ತು.

"ಭಾನುವಾರ ಬರಲಿ," ಎಂದೆ ನಾನು. "ಅವನೆದುರಿಗೇ ತಿನ್ನಿಸಿ, ಕೀ ಕಿತ್ಕೊಳ್ಳೋಣ."

ಅತ್ತೆ ಎದ್ದು ಪೆಟ್ಟಿಗೆಯ ಮುಚ್ಚಳ ಹಾಕಿದಳು. "ಬೇಡ. ಅವನು ಬರ್ತಿರ್ಲಿ," ಎಂದಳು.

ನನಗೆ ತಲೆಬುಡ ಅರ್ಥವಾಗಲಿಲ್ಲ. ಭಾನುವಾರ ಬಂದಾಗ ಅರ್ಥವಾಯಿತು. ಹೊಟ್ಟೆ ತುಂಬಿದ ಸಿಂಬಿ ಮಡಕೆಯೊಳಗೆ ಮಲಗಿತ್ತು. ಮಾವ ಇಲಿ ಹಿಡಿದು ಕೂತ. ಸಿಂಬಿ ಸೊಪ್ಪು ಹಾಕಲಿಲ್ಲ. "ಚಳಿಗಾಲ, ಕೆಲವು ಸಲ ಹೀಗಾಗುತ್ತೆ," ಎಂದು ಎದ್ದುಹೋದ. ಅದರ ಮುಂದಿನ ಭಾನುವಾರವೂ ಅಷ್ಟೇ. ಅತ್ತೆ ವಾರ ತಪ್ಪದೆ ಶುಕ್ರವಾರ ಸಂಜೆ ತಾನೇ ಕೊಂಡು ತಂದ ಇಲಿಯನ್ನು ಉಣಿಸುವಳು, ಹೊಲಸಾದ ಹೊಟ್ಟನ್ನು ತೆಗೆದು ಹೊಸದು ಹಾಕುವಳು. ಉಪವಾಸ ಹಿಡಿದ ಹಾವನ್ನು ಮುಟ್ಟಿ ಗಾಬರಿಪಡಿಸಬಾರದು ಅಂತ ಮಾವನೇ ಎಲ್ಲೋ ಓದಿದ್ದ, ಹಾಗಾಗಿ ಅದನ್ನು ಎತ್ತಿ ನೋಡಲೂ ಇಲ್ಲ. ಓದಿದವನ ಬುದ್ಧಿ ನಮಗೆ ಅನುಕೂಲವಾಯಿತು.

ಚಳಿ ಕಳೆದು ಬಿಸಿಲು ಬಂತು. ಮಾವನ ನಗು ಹೋಯಿತು. ಬಿಳಿ ಇಲಿ ಬಿಟ್ಟು ಕಂದು ಇಲಿ ತಂದ. ಅದೂ ಬೇಡವೆಂದಾಗ ಕೋಳಿಮರಿ ತಂದ. ದೀಪ ಬದಲಾಯಿಸಿದ, ಗಾಜಿನ ಸುತ್ತ ಬಟ್ಟೆ ಹೊದಿಸಿದ, ಹಾಡುಹಗಲಲ್ಲಿ ಹಾಲನ್ನೆಲ್ಲ ಕತ್ತಲು ಮಾಡಿಕೊಂಡು ಇಕ್ಕಳ ಹಿಡಿದು ಕೂರುವನು. ಕೈ ಸೋತರೂ ಇಳಿಸುತ್ತಿರಲಿಲ್ಲ. "ಒಂಚೂರು ತಿನ್ನೋ ಕಂದ," ಎಂದು ಗೋಗರೆಯುವನು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೂತು ತರಕಾರಿ ಹೆಚ್ಚುತ್ತ, "ಪಾಪ, ಇವತ್ತೂ ಬೇಡವಂತಾ?" ಎನ್ನುವಳು. "ಬಾಯಿಗೆ ರುಚಿ ಇಲ್ಲವೇನೋ. ಬೇರೆ ಏನಾದ್ರೂ ತಂದು ನೋಡಿ." ಹೀಗೆ ಹೇಳುವಾಗ ಅವಳ ದನಿ ಬೆಣ್ಣೆಯಂತಿರುತ್ತಿತ್ತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹೊರಗೆ ಹಾರನ್ ಮೊಳಗುತ್ತಲೇ ಇರುತ್ತಿತ್ತು. ಬರಬರುತ್ತ ಅವನು ವಾರದ ನಡುವೆಯೂ ಒಬ್ಬನೇ ಬರತೊಡಗಿದ. ಆ ಹೊಸಬಳ ಹತ್ತಿರ ಜಗಳವಾಗಿದೆಯೆಂದು ಮುಖವೇ ಹೇಳುತ್ತಿತ್ತು. ಕಣ್ಣಿನ ಕೆಳಗೆ ಕಪ್ಪು, ಗಡ್ಡ ಬೋಳಿಸಿರುತ್ತಿರಲಿಲ್ಲ. ಒಂದು ದಿನ ಗಾಜಿಗೆ ಹಣೆಯಿಟ್ಟು ಅತ್ತ. "ಇದು ಸಾಯುತ್ತೆ ಕಣೇ. ಡಾಕ್ಟ್ರ ಹತ್ರ ಹೋಗೋಣ, ನೀನೂ ಬಾ," ಎಂದ. ಬೇಡವೆನ್ನಲು ಅತ್ತೆಗೆ ಕಾರಣ ಸಿಗಲಿಲ್ಲ. ಸಿಂಬಿಯನ್ನು ದಿಂಬಿನ ಚೀಲದೊಳಗೆ ಬಿಟ್ಟು ಬಾಯಿ ಗಂಟು ಹಾಕಿ, ತಾನೇ ಮಡಿಲಲ್ಲಿಟ್ಟುಕೊಂಡಳು. ನಾನೂ ಹೊರಟೆ. ಇಂಥದ್ದನ್ನು ತಪ್ಪಿಸಿಕೊಳ್ಳುವ ಪೈಕಿ ನಾನಲ್ಲ.

ಪ್ರಾಣಿಗಳ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಚೀಲದಿಂದ ಸಿಂಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಕೊನೆಯ ಸಲ ತಿಂದದ್ದು ಯಾವಾಗ ಎಂದು ಕೇಳಿದರು. "ಚಳಿಗೂ ಮುಂಚೆ," ಎಂದ ಮಾವ. ಅವರು ಬೆನ್ನ ಮೇಲೆ ಬೆರಳಾಡಿಸಿದರು, ಹೊಟ್ಟೆ ಅಮುಕಿ ನೋಡಿದರು, ತಕ್ಕಡಿಗಿಟ್ಟರು. ಮುಖದ ಮೇಲೆ ಸಣ್ಣ ನಗು ಬಂತು.

"ಇದನ್ನ ನೋಡಿಕೊಳ್ಳೋದು ಯಾರು?"

"ನಾನೇ. ನನ್ನ ಕೈಯಿಂದ ಮಾತ್ರ ತಿನ್ನೋದು ಇದು."

"ಉಪವಾಸ ಇದ್ದ ಹಾವಿಗೆ ಬೆನ್ನುಮೂಳೆ ಎದ್ದು ಕಾಣುತ್ತೆ ಸಾರ್. ಇದಕ್ಕೆ ಹುಡುಕಿದ್ರೂ ಮೂಳೆ ಸಿಗ್ತಿಲ್ಲ, ಬರೀ ಕೊಬ್ಬು," ಎಂದರು ಡಾಕ್ಟರು. "ನೀವು ಕೊಟ್ಟಿದ್ದನ್ನ ತಿನ್ನದೆ ಇರಬಹುದು. ಬೇರೆ ಕಡೆ ಚೆನ್ನಾಗಿ ಊಟ ಆಗ್ತಿದೆ," ಎಂದು ನಕ್ಕರು.

ಮಾವ ಇಂಗು ತಿಂದ ಮಂಗನಂತೆ ಡಾಕ್ಟರನ್ನು ನೋಡಿದ, ಹಾವನ್ನು ನೋಡಿದ, ನಿಧಾನವಾಗಿ ಅತ್ತೆಯ ಕಡೆ ತಿರುಗಿದ. "ನೀನು ಹಾಕ್ತಿದ್ದೆಯಾ?"

"ಹೂಂ. ವಾರ ವಾರ."

"ನಾನು ಅಷ್ಟೊಂದು ಸಂಕಟಪಡ್ತಿದ್ದೆ. ನೀನು ನೋಡ್ತಾ ಕೂತಿದ್ದೆ."

ಅತ್ತೆ ಸಿಂಬಿಯನ್ನು ಎತ್ತಿ ಮತ್ತೆ ಚೀಲದೊಳಗೆ ಬಿಡುತ್ತ, ಅವನ ಮುಖ ನೋಡದೆ ಮಾತಾಡಿದಳು. "ನೀವು ಮನೇಲಿ ಊಟ ಬಿಟ್ಟಿದ್ರಲ್ಲ, ಹಸಿವಿಲ್ಲ ಅಂತ ತಟ್ಟೆ ತಳ್ತಿದ್ರಲ್ಲ, ಆಗ ನಂಗೆ ನಿಮಗೆ ಕೆಟ್ಟ ಕಾಯಿಲೆ ಬಂದಿದೆ ಅನ್ನೋ ಭಯ. ದಿನಕ್ಕೊಂದು ಥರ ಮಾಡ್ದೆ. ಮೆತ್ತಗೆ ಮಾಡ್ದೆ. ತುತ್ತು ಹಿಡ್ಕೊಂಡು ಎದುರಿಗೆ ಕೂತೆ. ಕೊನೆಗೆ ಅತ್ತು ಕರೆದು ನಾನೇ ಎಳ್ಕೊಂಡು ಹೋದೆ ಡಾಕ್ಟ್ರ ಹತ್ರ. ಅವರು ತೂಕ ಮಾಡಿ ಏನಂದ್ರು? ಅಮ್ಮಾ, ಇವರು ಬೇರೆ ಕಡೆ ಚೆನ್ನಾಗಿ ಊಟ ಮಾಡ್ತಿದಾರೆ ಅಂದ್ರು. ಹೇಳಿ ನಕ್ಕರು. ನೀವೂ ನಕ್ಕಿರಿ. ತಮಾಷೆ ಅಂದ್ಕೊಂಡು ನಾನೂ ನಕ್ಕೆ."

ಈ ವಿಷಯ ಅತ್ತೆ ನನಗೂ ಹೇಳಿರಲಿಲ್ಲ. ಡಾಕ್ಟರು ತಕ್ಕಡಿ ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು. ಮಾವ ಜೇಬಿಗೆ ಕೈ ಹಾಕಿ ಗೊಂಚಲಿನಿಂದ ನಮ್ಮ ಮನೆಯ ಕೀ ಬಿಡಿಸಲು ಹೋದ, ರಿಂಗಿನ ಸಂದಿಗೆ ಉಗುರು ತೂರದೆ ಒದ್ದಾಡಿದ. ಯಾರೂ ಸಹಾಯ ಮಾಡಲಿಲ್ಲ. ಕೊನೆಗೆ ಬಿಡಿಸಿ ಮೇಜಿನ ಮೇಲಿಟ್ಟು ಹೊರಟುಹೋದ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಪಕ್ಕ ಕೂತಳು, ಚೀಲ ಮಡಿಲಲ್ಲಿ. ನನಗೆ ಕುಣಿಯುವಷ್ಟು ಖುಷಿ. ಅವನ ಮುಖ ಬಿಳಿಚಿಕೊಂಡದ್ದು, ಉಗುರು ಜಾರಿದ್ದು, ಒಂದೊಂದನ್ನೇ ಎತ್ತಿ ಹೇಳಿ ನಗುತ್ತಿದ್ದೆ. ಅತ್ತೆ ನಗಲಿಲ್ಲ.

"ಯಾಕತ್ತೆ, ಕೀ ಬಂತಲ್ಲ. ಇನ್ನೇನು?"

"ಬಂತು," ಎಂದಳು. "ಇಷ್ಟು ಬೇಗ ಡಾಕ್ಟ್ರ ಹತ್ರ ಓಡ್ತಾನೆ ಅಂದ್ಕೊಂಡಿರ್ಲಿಲ್ಲ. ನಾನು ಎರಡು ವರ್ಷ ತಟ್ಟೆ ಹಿಡ್ಕೊಂಡು ಕೂತಿದ್ದೆ ಕಣೇ. ಅವನು ಒಂದು ವರ್ಷವೂ ಕೂರಲಿಲ್ಲ."