ಬಾವಿಯ ಬಳಿ ಬಾಗಿದ ಹಳಿ

ಅಪ್ಪ ತೀರಿಕೊಂಡ ಮೇಲೆ ಅವನ ರೈಲ್ವೆ ನೌಕರಿ ಅವ್ವನಿಗೆ ಬಂತು. ಗದಗದ ಆಚೆ ಇಪ್ಪತ್ತು ವರ್ಷ ಅವಳು ಗ್ಯಾಂಗಿನವರ ಜೊತೆ ಸುತ್ತಿಗೆ ಹಿಡಿದು ಹಳಿಯ ಮೇಲೆ ನಡೆದಳು, ಜಲ್ಲಿ ತುಂಬಿದಳು. ಸಹಿ ಮಾಡುವಷ್ಟು ಕನ್ನಡ ಬರುತ್ತದೆ, ಇಂಗ್ಲಿಷಿನ ಒಂದಕ್ಷರವೂ ಇಲ್ಲ. ಅವಳ ಬಳಿ ಒಂದು ಕಥೆಯಿತ್ತು. ಬ್ರಿಟಿಷರು ರೈಲು ತಂದ ವರ್ಷ ಅವಳ ಮುತ್ತಜ್ಜಿ ಹಳಿಯ ದಾರಿಗೆ ಅಡ್ಡ ಬಂದಿದ್ದ ಊರ ಬಾವಿಯ ಕಟ್ಟೆಯ ಮೇಲೆ ಕುಳಿತವಳು ಏಳಲೇ ಇಲ್ಲವಂತೆ. ಕೊನೆಗೆ ಸಾಹೇಬನೇ ಸೋತು ಹಳಿಯನ್ನು ಬಾಗಿಸಿದನಂತೆ. ಕಾಲೇಜಿನಲ್ಲಿದ್ದಾಗ ನಾನು ಗೆಳತಿಯರ ಎದುರಿಗೇ, "ಸುಳ್ಳಿಗೂ ಒಂದು ಮಿತಿ ಇರ್ಲವ್ವಾ" ಎಂದುಬಿಟ್ಟಿದ್ದೆ. ಆಮೇಲೆ ಅವಳು ನನ್ನ ಮುಂದೆ ಆ ಕಥೆ ಎತ್ತಲಿಲ್ಲ.

ಈ ಬೇಸಿಗೆಯಲ್ಲಿ ಅವ್ವ ಲಂಡನ್ನಿನ ಅಂಚಿನ ಕ್ರೋಯ್ಡನ್ನಿನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದಳು. ಹಳೆಯ ತಪ್ಪು ನನ್ನನ್ನು ಕೊರೆಯುತ್ತಲೇ ಇತ್ತು. ರೈಲು ಬಂದ ವರ್ಷದ ಸರ್ಕಾರಿ ವರದಿ ಮತ್ತು ನಮ್ಮ ಭಾಗದ ರೈಲು ನಕ್ಷೆ ಲಂಡನ್ನಿನ ದಾಖಲೆ ಭವನದಲ್ಲಿವೆಯೆಂದು ಹುಡುಕಿ, ಅವಳನ್ನು ಕರೆದುಕೊಂಡು ಹೋದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಅಲ್ಲಿ ಬೇರೇನಾದರೂ ಬರೆದಿದ್ದರೆ ಅವಳನ್ನು ಎರಡನೇ ಸಲ ಸುಳ್ಳುಗಾತಿ ಎಂದಂತಾಗುತ್ತಿತ್ತು.

ಮೊದಲು ವರದಿ ತೆರೆದೆ. ಮಳೆ ಕೈಕೊಟ್ಟಿತು, ಊರೂರಿಗೆ ಕಾಲರಾ ಬಂತು, ದೊಡ್ಡ ಸಾಹೇಬರು ಬಂದು ಹೋದರು. ಇವುಗಳ ನಡುವೆಯೇ ಈ ಹೊಳೆಗೆ ಸೇತುವೆ, ಆ ಊರಿಗೆ ಹಳಿ, ಪುಟದ ಮೇಲೆ ಪುಟ. ಹಸಿದ ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ಒಂದೇ ವರ್ಷದಲ್ಲಿ ಇಷ್ಟನ್ನು ಮಾಡಿದ್ದರು. ಓದುತ್ತಿದ್ದಂತೆ ಮೈ ಜುಮ್ಮೆಂದಿತು.

ಆಮೇಲೆ ನಕ್ಷೆ ಬಂತು. ಅದರಲ್ಲಿ ಉತ್ತರ ಯಾವುದು, ದಕ್ಷಿಣ ಯಾವುದು ಎಂದು ನಾನಿನ್ನೂ ಒದ್ದಾಡುತ್ತಿದ್ದೆ. ಅವ್ವ ಕಾಗದಕ್ಕೆ ತಾಗದಂತೆ ಬೆರಳು ಆಡಿಸುತ್ತ ಶುರು ಮಾಡಿಯೇಬಿಟ್ಟಳು.

"ಇದು ಮೋರಿ. ಇಲ್ಲಿಂದ ಏರು. ಇಲ್ಲಿಂದ ನಮ್ಮ ಗ್ಯಾಂಗಿನ ಹದ್ದು ಶುರು. ಇಕಾ, ತಿರುವು. ಈ ಸುತ್ತು ಐತಲ್ಲ, ಅದ ಬಾವಿ."

ಪಕ್ಕದಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಓದಿ ನೋಡಿದೆ. ಅವ್ವ ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಎರಡು ಡಿಗ್ರಿ ಮಾಡಿದ ನಾನು ಬೆಪ್ಪಾಗಿ ಅವಳ ಮುಖವನ್ನೇ ನೋಡಿದೆ.

ತಿರುವಿನ ಪಕ್ಕ ಓರೆ ಅಕ್ಷರದಲ್ಲಿ ಒಂದು ಸಾಲಿತ್ತು. "ಏನ ಬರದಾರ?" ಎಂದಳು. ನಾನು ಅವಸರವಾಗಿ ಅದರ ಮೇಲೆ ಕಣ್ಣಾಡಿಸಿದೆ.

"ನಿನ್ನ ಮುತ್ತಜ್ಜೀದು ಏನೂ ಇಲ್ಲವ್ವಾ. ಎರಿ ಮಣ್ಣು, ಮಳಿಗಾಲದಾಗ ಕುಸೀತದ, ಅದಕ್ಕ ಹಳಿ ಬಾಗಿಸೀವಿ ಅಂತ ಬರದಾರ."

ಅವ್ವನ ಮುಖ ಬಾಡಲಿಲ್ಲ. "ಖರೇ ಅದ. ಆ ಹೊಲದಾಗ ಮಳಿಗಾಲಕ್ಕ ಮೊಣಕಾಲತನಕ ಹುಗೀತಿದ್ವಿ. ಸಾಹೇಬ ಯಾವಾಗ ಬಂದಿದ್ನಂತ?"

ನಕ್ಷೆಯ ಮೂಲೆಯಲ್ಲಿ ಅಳತೆ ಮಾಡಿದ ತಿಂಗಳು ಬರೆದಿತ್ತು. "ಏಪ್ರಿಲ್‌ನಾಗ."

"ಬ್ಯಾಸಿಗ್ಯಾಗ ಆ ಮಣ್ಣು ಕಲ್ಲಾಗಿರ್ತದ, ಕಬ್ಬಿಣದ ಹಾರಿ ಹಾಕಿದ್ರೂ ಇಳಿಯಂಗಿಲ್ಲ. ಮಳಿ ಬಂದ್ರ ಕುಸೀತದ ಅಂತ ಹೊರಗಿನವಗ ಹ್ಯಾಂಗ ತಿಳೀತು? ಯಾರರ ಹೇಳಿರಬೇಕಲ್ಲ."

ನಾನು ಮತ್ತೆ ಆ ಸಾಲಿನ ಮೇಲೆ ಬಗ್ಗಿದೆ. 'ಊರಿನವರು ಹೇಳುವಂತೆ' ಎಂದೇ ಅದು ಶುರುವಾಗಿತ್ತು. ಅವಸರದಲ್ಲಿ ನಾನದನ್ನು ಹಾರಿಸಿ ಓದಿದ್ದೆ.

ಅವ್ವನಿಗೆ ಪೂರ್ತಿ ಸಾಲನ್ನು ಎರಡು ಸಲ ಓದಿ ಹೇಳಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಮುತ್ತಜ್ಜಿ ಕಥಿ ಇನ್ನೊಮ್ಮೆ ಹೇಳವ್ವಾ" ಎಂದೆ.