ಪುನರ್ಪುಳಿ ಸಿಪ್ಪೆಯ ಆಟ

ಜೆಪ್ಪುವಿನ ನಮ್ಮ ಫುಟ್‌ಬಾಲ್ ತಂಡಕ್ಕೆ ಬಂದ ಹೊಸ ಕೋಚ್‌ನ ಒಂದು ಮೊಣಕಾಲು ಬಗ್ಗುತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಕಾಲು ಚಾಚಿ ಕೂತು, ನಾನು ಒಣಗಲು ಹಾಕಿದ ಪುನರ್ಪುಳಿ ಹಣ್ಣಿನ ಸಿಪ್ಪೆಯಲ್ಲಿ ಹನ್ನೊಂದನ್ನು ಚಾಪೆಯ ಮೇಲೆ ಜೋಡಿಸಿ, ಯಾರು ಎಲ್ಲಿ ನಿಲ್ಲಬೇಕೆಂದು ಹುಡುಗರಿಗೆ ತೋರಿಸುತ್ತಿದ್ದ. "ಜಾಗ ಬಿಡ್ಬೇಡ ಮಾರಾಯ" ಎನ್ನುವುದೇ ಅವನ ಮಾತು.

ಬೈಕಂಪಾಡಿಯವರ ಎದುರು ಸೋತರೆ ನಮ್ಮ ತಂಡ ಕೆಳಗಿನ ವಿಭಾಗಕ್ಕೆ ಬೀಳುತ್ತಿತ್ತು. ಅಂಥ ಹೊತ್ತಿನಲ್ಲಿ, ಗೋಲು ಹೊಡೆಯುವ ನನ್ನ ಮೊಮ್ಮಗನ ಸಿಪ್ಪೆಯನ್ನು ಕೋಚ್ ಹಿಂದಿನ ಸಾಲಿಗೆ ಎಳೆದ.

"ಎಂತಕ್ಕೆ? ನಾನು ಆಡುದಿಲ್ಲ" ಎಂದು ಮೊಮ್ಮಗ ಬೂಟು ಬಿಸಾಡಿದ. ನಾನು ಸಿಪ್ಪೆಯನ್ನು ಎತ್ತಿ ಮುಂದೆ ಇಟ್ಟೆ.

ಕೋಚ್ ಅದನ್ನು ಮತ್ತೆ ಹಿಂದೆ ಇಟ್ಟ. "ಅಜ್ಜೀ, ಗೋಲು ಹೊಡೆಯಲಿಕ್ಕೆ ಬೇರೆಯವರಿದ್ದಾರೆ. ತಡೆಯಲಿಕ್ಕೆ ಇವನೊಬ್ಬನೇ ಇರುದು."

ಪಂದ್ಯದ ದಿನ ಮೊಮ್ಮಗ ಗೊಣಗುತ್ತಲೇ ಹಿಂದೆ ನಿಂತ. ಬಂದ ಚೆಂಡನ್ನೆಲ್ಲ ಎದೆಯಲ್ಲಿ, ಮಂಡಿಯಲ್ಲಿ ತಡೆದ. ಎರಡೂ ಕಡೆ ಗೋಲು ಆಗಲಿಲ್ಲ. ತಂಡ ಉಳಿಯಿತು.

ಮರುದಿನ ಕೋಚ್ ಬರುವ ಮೊದಲೇ ಸಿಪ್ಪೆಗಳನ್ನು ನಾನೇ ಜೋಡಿಸಿದೆ. ಮೊಮ್ಮಗನದನ್ನು ಹಿಂದೆಯೇ ಇಟ್ಟೆ. ಕೋಚ್ ಬಂದು ನೋಡಿದ. ಹೊಗಳಲಿಲ್ಲ. ಕಾಲು ಚಾಚಿ ಕೂತು, ಅದನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದ.