ರೈಲಿಗೆ ಕಾದ ಮಡಿಲಕ್ಕಿ

ಈ ಶುಕ್ರವಾರ ದೇವರಮನೆ ಒರೆಸುತ್ತಾ ಮೂಲೆಯ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ. ಕಮಟು ವಾಸನೆ ಮೂಗಿಗೆ ಬಡಿಯಿತು. ಅಕ್ಕಿಯ ಮೇಲೆ ಒಂದೇ ಒಂದು ಗಿಟುಕು ಕೊಬ್ಬರಿ, ಹಳದಿ ತಿರುಗಿ ಕೂತಿದೆ. ಬೇರೆ ಕೊಬ್ಬರಿಯಾಗಿದ್ದರೆ ಯಾವತ್ತೋ ಎಸೆದಿರುತ್ತಿದ್ದೆ. ಇದನ್ನು ಮಾತ್ರ ಸೆರಗಿನಲ್ಲಿ ಒರೆಸಿ ಮತ್ತೆ ಅಲ್ಲೇ ಇಟ್ಟೆ. ಗುಬ್ಬಿ ಸಂತೆಯಲ್ಲಿ ಒಂದೊಂದನ್ನೂ ಉಗುರಿನಿಂದ ಕೆರೆದು ನೋಡಿ, ಆರಿಸಿ ತಂದಿದ್ದ ಕೊಬ್ಬರಿ ಅದು. ತಂದವರು ನಮ್ಮ ಎದುರುಮನೆ ದೊಡ್ಡಮ್ಮ.

ದೊಡ್ಡಮ್ಮ ಅಂದರೆ ರಕ್ತಸಂಬಂಧ ಏನಲ್ಲ. ಚೇಳೂರಿನ ಕಡೆಯವರು. ಗಂಡ ಹೋದ ಮೇಲೆ ಒಬ್ಬಳೇ ಮಗಳನ್ನು ಕಟ್ಟಿಕೊಂಡು ತುಮಕೂರಿಗೆ ಬಂದು, ನಮ್ಮ ಬೀದಿಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹಪ್ಪಳ, ಹುರಿಹಿಟ್ಟು ಮಾಡಿ ಮಾರುತ್ತಿದ್ದರು. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಿಂದ ನಾನು ಸೊಸೆಯಾಗಿ ಈ ಬೀದಿಗೆ ಬಂದಾಗ, ತವರು ನೆನೆದು ಹಿತ್ತಲಲ್ಲಿ ಕಣ್ಣೊರೆಸಿಕೊಳ್ಳುವುದನ್ನು ಮೊದಲು ಕಂಡವರು ಅವರೇ. ಒಂದು ಲೋಟ ಹುರಿಹಿಟ್ಟಿನ ಪಾನಕ ತಂದು ಕೈಗಿಟ್ಟರು. ಅಪರಿಚಿತ ಊರಲ್ಲಿ ದೇವರು ನನಗೆ ತೋರಿಸಿದ ಮೊದಲ ಕರುಣೆ ಅದು ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ.

ಮಗಳನ್ನು ಬೆಟ್ಟಗಳಾಚೆ, ಉತ್ತರದ ಕಡೆಯ ಒಂದು ಊರಿಗೆ ಕೊಟ್ಟಿದ್ದರು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಆದರೆ ಅತ್ತೆ ಹಾಸಿಗೆ ಹಿಡಿದರು. ಅವರನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಗಂಜಿ ಕುಡಿಸುವುದು ಎಲ್ಲ ಈ ಹುಡುಗಿಯ ಪಾಲಿಗೆ. ಪಕ್ಕದ ಮನೆಯವರು ಹಗಲು ನೋಡಿಕೊಂಡಾರು, ರಾತ್ರಿ ಯಾರು ನೋಡುತ್ತಾರೆ? ಹಾಗಾಗಿ ತವರಲ್ಲಿ ಒಂದು ರಾತ್ರಿ ತಂಗುವ ಹಾಗಿರಲಿಲ್ಲ. ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲಿ ಮಧ್ಯಾಹ್ನ. ಸಂಜೆಯೊಳಗೆ ಮನೆ ಸೇರಬೇಕೆಂದರೆ ಎರಡು ಗಂಟೆಯ ಬಸ್ಸನ್ನೇ ಹಿಡಿಯಬೇಕು.

ಒಂದು ಗೌರಿಹಬ್ಬದ ಮುಂದೆ ಹಾಗೇ ಬಂದಿದ್ದಳು. ಒಬ್ಬಟ್ಟು ತಟ್ಟೆಯಲ್ಲೇ ಉಳಿಯಿತು. ಓಣಿಯ ತುದಿಯಲ್ಲಿ ಆಟೋದವನು ಹಾರನ್ ಹೊಡೆದ. ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಓಡಿದಳು. ಆಟೋ ತಿರುಗಿದ ಮೇಲೆ ನೋಡಿದರೆ, ಮಡಿಲಕ್ಕಿ ಮಣೆಯ ಮೇಲೆ ಹಾಗೇ ಇದೆ! ತವರಿಗೆ ಬಂದ ಹೆಣ್ಣುಮಗಳನ್ನು ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ಹಾಕದೆ ಕಳಿಸುವುದುಂಟೆ? ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು.

"ಬರಿ ಸೆರಗಲ್ಲಿ ಕಳಿಸ್ಬುಟ್ಟೆ ಕಣಮ್ಮ ನನ್ ಮಗೀನ..."

ಅಷ್ಟೇ ಅಂದದ್ದು. ಆ ಅಕ್ಕಿಯನ್ನು ಸ್ಟೀಲ್ ಡಬ್ಬಿಗೆ ತುಂಬಿ ದೇವರ ಮುಂದೆ ಇಟ್ಟರು.

ಅದರ ಮುಂದಿನ ವರ್ಷವೇ ಇರಬೇಕು, ನಮ್ಮ ಬೀದಿಯ ಹಿಂದೆ ಹೊಸ ರೈಲು ದಾರಿಗೆ ಮಣ್ಣು ಬಂದು ಬಿತ್ತು. ದಾರಿ ಮಗಳ ಊರಿನ ಮೇಲೆಯೇ ಹೋಗುತ್ತದೆ ಅಂತ ತಿಳಿದ ದಿನ ದೊಡ್ಡಮ್ಮ ತುಪ್ಪದ ದೀಪ ಹಚ್ಚಿದರು. ಬೆಳಗಿನ ರೈಲಿಗೆ ಬಂದರೆ ಉಂಡು, ತಲೆ ಬಾಚಿಸಿಕೊಂಡು, ಒಂದು ನಿದ್ದೆ ತೆಗೆದು, ದೀಪ ಹಚ್ಚುವ ಹೊತ್ತಿಗೆ ಮಗಳು ತನ್ನ ಮನೆಯಲ್ಲಿರಬಹುದು. ಅವರ ಲೆಕ್ಕಾಚಾರ ಅದು. ಹೆಚ್ಚಿಗೆ ಏನೂ ಕೇಳಿದವರಲ್ಲ.

ಆಮೇಲೆ ಸಂಜೆಯಾದರೆ ನಾವಿಬ್ಬರೂ ಬೀದಿಯ ತುದಿಗೆ ಹೋಗಿ ನಿಲ್ಲುವುದೇ ಕೆಲಸವಾಯಿತು. ಏರಿ ಎದ್ದಿತು. ರೋಲರ್ ಓಡಾಡಿತು. ಮಳೆಗೆ ಒಂದು ಮಗ್ಗುಲು ಕುಸಿದು, ಮತ್ತೆ ಕಟ್ಟಿದರು. ಆಮೇಲೆ ಎಷ್ಟೋ ತಿಂಗಳು ಯಾರೂ ಬರಲಿಲ್ಲ, ಏರಿಯ ಮೇಲೆ ಹುಲ್ಲು ಬೆಳೆದು ದನ ಮೇಯ್ದವು... ಅತ್ತೆಯನ್ನು ಬಿಟ್ಟು ಬಸ್ಸಿನಲ್ಲಿ ಬಂದುಹೋಗಲು ಮಗಳಿಗೂ ಆ ವರ್ಷಗಳಲ್ಲಿ ಆಗಲಿಲ್ಲ. ದೊಡ್ಡಮ್ಮ ಮಾತ್ರ ಡಬ್ಬಿಯ ಅಕ್ಕಿಯಲ್ಲಿ ಹುಳ ಕಾಣುವ ಮೊದಲೇ ತೆಗೆದು, ಶನಿವಾರದ ಪೊಂಗಲ್ ಮಾಡಿ ಬೀದಿಗೆಲ್ಲ ಹಂಚಿ, ಹೊಸ ಅಕ್ಕಿ ಅಳೆದು ತುಂಬುವರು. ಕೊಬ್ಬರಿ ಕಮಟಾದರೆ ಗುಬ್ಬಿಗೆ ಹೊರಡುವರು. "ಏನ್ ದೊಡ್ಡಮ್ಮ, ಇವತ್ತು ಪೊಂಗಲ್ಲಾ? ಹಂಗಾರೆ ರೈಲು ಮುಂದಕ್ಕೋಯ್ತು ಅನ್ನಿ" ಅಂತ ಬೀದಿಯವರು ರೇಗಿಸುವರು. "ತಿನ್ನೋ ಬಾಯಿಗೆ ರೈಲಿನ ಚಿಂತೆ ಯಾಕ್ಲಾ?" ಅಂತ ಇವರೂ ಬಿಡುತ್ತಿರಲಿಲ್ಲ.

ಹಳಿ ಬಂದು ಬಿದ್ದ ದಿನ ಅರಿಶಿನ ಕುಂಕುಮದ ಬಟ್ಟಲು ತಂದು ನನ್ನ ಕೈಗೆ ಕೊಟ್ಟರು. ನನ್ನ ಕೈಯಿಂದಲೇ ಹಳಿಗೆ ಇಡಿಸಿದರು. ತಾವು ದೂರ ನಿಂತು ಕೈಮುಗಿದರು.

ಜಲ್ಲಿ ತುಂಬಿದ ಗಾಡಿ ಮೊದಲ ಸಲ ಬಂದಾಗಲಂತೂ ಕೂಗು ಕೇಳಿದ್ದೇ ತಡ, ಹಪ್ಪಳದ ಹಿಟ್ಟು ಮೆತ್ತಿದ ಕೈಯಲ್ಲೇ ಡಬ್ಬಿ ಅವುಚಿಕೊಂಡು ಓಡಿದರು. ಹಿಂದೆ ನಾನು. ಇಂಜಿನ್ನಿನಲ್ಲಿದ್ದವನು ತಲೆ ಹೊರಗೆ ಹಾಕಿ ಇವರನ್ನು ನೋಡಿದ.

"ಕೂತ್ಕೊಳೋ ಡಬ್ಬಿ ಎಲ್ಲಪ್ಪ?" ಅಂದರು ದೊಡ್ಡಮ್ಮ.

"ಇದು ಜಲ್ಲಿ ಗಾಡಿ ಅಜ್ಜಿ. ಯಾರ್ನ ಕೂರುಸ್ಬೇಕು?"

"ನನ್ ಮಗಳ್ನ ಕಣಪ್ಪ."

"ಜಲ್ಲಿ ಮೇಲೆ ಕೂರುಸ್ಕೊಂಡ್ ಬರ್ಲಾ?"

"ಬ್ಯಾಡಪ್ಪ, ಸೀರೆ ಹಾಳಾಯ್ತದೆ. ಬೋಗಿ ತಗೊಂಡ್ ಬಾ, ಕಾಯ್ತಿರ್ತೀನಿ."

ಕೆಲಸದವರೆಲ್ಲ ನಕ್ಕರು, ಅವರೂ ನಕ್ಕರು.

ಮನೆಯ ಹತ್ತಿರ ಬಂದಾಗ, "ಮಗಳು ಬಂದಾಗ ಮಡಿಲು ತುಂಬೋಕೆ ನೀನೇ ಬರ್ಬೇಕು ಕಣಮ್ಮ, ಮರೀಬ್ಯಾಡ" ಅಂದರು. ನಮ್ಮಲ್ಲಿ ಅದು ಮುತ್ತೈದೆಯರ ಕೆಲಸ ಅಂತ ನಡೆದುಬಂದಿದೆ. ನಾನೂ ಶಾಸ್ತ್ರ ಬಿಟ್ಟವಳಲ್ಲ. ಆದರೂ ಅವತ್ತು ಯಾಕೋ ಬಾಯಿಗೆ ಬಂತು: "ನೀವೇ ತುಂಬಿ ದೊಡ್ಡಮ್ಮ. ಹೆತ್ತ ಕೈ ಅದು. ದೇವ್ರೇನು ಬ್ಯಾಡ ಅಂತಾನಾ?"

ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. "ನೋಡಣ ಬುಡು... ರೈಲು ಬರ್ಲಿ" ಅಂದರು. ಬೇಡ ಅನ್ನಲಿಲ್ಲ. ಅದಾದ ಮೇಲೆ ಸಂಜೆ ಹೊತ್ತು ಹಳಿಯ ಕಡೆ ನೋಡುವ ಅವರ ನೋಟವೇ ಬೇರೆಯಾಯಿತು. ಮಗಳು ಬರುವುದಕ್ಕಷ್ಟೇ ಅಲ್ಲ, ತಮ್ಮ ಕೈಯಾರೆ ಮಡಿಲು ತುಂಬುವುದಕ್ಕೂ ಕಾಯುತ್ತಿದ್ದರು ಅವರು...

ವಿದ್ಯುತ್ ಕಂಬ ನೆಟ್ಟರು, ತಂತಿ ಎಳೆದರು. ಪ್ಲಾಟ್‌ಫಾರಂ ಮೇಲೆ ಕಲ್ಲಿನ ಬೆಂಚು ಬಂತು. ಆ ಕಾರ್ತಿಕದಲ್ಲಿ ದೊಡ್ಡಮ್ಮನಿಗೆ ಜ್ವರ ಬಂತು. ಆಸ್ಪತ್ರೆಗೆ ಸೇರಿಸಿ ಮನೆಗೆ ಕರೆತಂದೆವು. ಇಳಿಯಿತು ಅಂದುಕೊಳ್ಳುವಷ್ಟರಲ್ಲಿ ಒಂದು ಬೆಳಗ್ಗೆ ಹೋಗಿಬಿಟ್ಟರು. ಮಲಗಿದ್ದ ಹಾಗೇ, ಯಾರಿಂದಲೂ ಏನೂ ಮಾಡಿಸಿಕೊಳ್ಳದೆ. ಮಗಳು ಎರಡು ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬಂದಳು. ಮುಖ ನೋಡಲು ಸಿಕ್ಕಿತು. ದೇವರು ಅಷ್ಟಾದರೂ ನಡೆಸಿಕೊಟ್ಟ.

ಬಾಡಿಗೆ ಮನೆ, ಬೇರೆಯವರು ಬಂದರು. ಪಾತ್ರೆ ಪಡಗ ಮಗಳ ಮನೆ ಸೇರಿದವು. ಸೂತಕದ ಮನೆಯಿಂದ ಮಡಿಲಕ್ಕಿ ಒಯ್ಯುವ ಹಾಗಿಲ್ಲ, ಡಬ್ಬಿ ನನ್ನ ಹತ್ತಿರ ಉಳಿಯಿತು. ಒಳಗಿದ್ದದ್ದು ದೊಡ್ಡಮ್ಮ ಕೊನೆಯ ಸಲ ಅಳೆದ ಅಕ್ಕಿ. ಹುಳ ಬೀಳದಿರಲಿ ಅಂತ ಬೇವಿನ ಸೊಪ್ಪು ಹಾಕಿ ಇಟ್ಟೆ.

ಬೇಸಿಗೆಯಲ್ಲಿ ಹೊಸ ಹಳಿಯ ಮೇಲೆ ಪರೀಕ್ಷೆಗೆ ರೈಲು ಓಡಿಸುತ್ತಾರೆ ಅಂತ ಸುದ್ದಿಯಾಯಿತು. ಹುಡುಗಿಗೆ ಫೋನ್ ಮಾಡಿದೆ. ಅದೇ ಎರಡು ಬಸ್ಸಿನಲ್ಲಿ ಬಂದಳು. ಬೀದಿಯ ತುದಿಯಲ್ಲಿ, ದೊಡ್ಡಮ್ಮ ನಿಲ್ಲುತ್ತಿದ್ದ ಜಾಗದಲ್ಲೇ ಇಬ್ಬರೂ ನಿಂತೆವು. ರೈಲು ಬಂತು. ಕಿಟಕಿಗಳೆಲ್ಲ ಖಾಲಿ. ಒಂದೊಂದೇ ಖಾಲಿ ಬೋಗಿ ನಮ್ಮ ಮುಂದೆ ಹಾದುಹೋಯಿತು.

"ರೈಲು ಬಿಟ್ರೂ ಇನ್ಯಾರ ಮನೆಗೆ ಬರ್ಲಕ್ಕ ನಾನು?" ಅಂದಳು ಹುಡುಗಿ. ಅತ್ತುಕೊಂಡು ಕೇಳಲಿಲ್ಲ. ಸುಮ್ಮನೆ ಕೇಳಿದಳು. ಅದಕ್ಕೇ ನನಗೆ ತಡೆಯಲಾಗಲಿಲ್ಲ.

"ಎದುರುಮನೆಗೆ ಬಾರೇ. ಬಾಗ್ಲು ಈ ಕಡೆಗಿದೆ ಅಷ್ಟೆ" ಅಂದೆ.

ಮನೆಗೆ ಕರೆತಂದು ಮಣೆ ಹಾಕಿ ಕೂರಿಸಿ ಮಡಿಲು ತುಂಬಿದೆ. "ಕೈ ಮಾತ್ರ ನಂದು ಕಣೇ. ಅಕ್ಕಿ ಅಳೆದೋರು ನಿಮ್ಮಮ್ಮ" ಅಂದಾಗ ಸೆರಗನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಳು. ಕೊಬ್ಬರಿ ಆಗಲೇ ಕಮಟು ಹತ್ತಿತ್ತು. ಬೇರೆ ಹಾಕುತ್ತೇನೆ ಅಂದರೆ ಬಿಡಲಿಲ್ಲ. ಎರಡು ಗಿಟುಕಿನಲ್ಲಿ ಒಂದನ್ನು ಸೆರಗಲ್ಲಿ ಉಳಿಸಿಕೊಂಡು, ಇನ್ನೊಂದನ್ನು ಡಬ್ಬಿಗೆ ವಾಪಸ್ಸು ಹಾಕಿದಳು. "ಇದು ಇಲ್ಲೇ ಇರ್ಲಿ ಅಕ್ಕ. ರೈಲಲ್ಲಿ ಬಂದಾಗ ತಗೊಂಡೋಯ್ತೀನಿ." ಎರಡು ಗಂಟೆಯ ಬಸ್ಸಿಗೆ ಹೋದಳು. ಈ ಸಲ ಸೆರಗು ಬರಿದಾಗಿರಲಿಲ್ಲ.

ಜನರ ರೈಲು ಇನ್ನೂ ಬಿಟ್ಟಿಲ್ಲ. ಇನ್ನೇನು ಬಿಡುತ್ತಾರೆ ಅನ್ನುತ್ತಾರೆ... ದೊಡ್ಡಮ್ಮ ಇದ್ದಾಗಲೂ ಹಾಗೇ ಅನ್ನುತ್ತಿದ್ದರು. ಎದುರುಮನೆಯ ಬಾಗಿಲಲ್ಲಿ ಈಗ ಬೇರೆ ಯಾರದೋ ರಂಗೋಲಿ. ಹಪ್ಪಳ ಒಣಗುತ್ತಿದ್ದ ಜಗಲಿಯಲ್ಲಿ ಸ್ಕೂಟರ್ ನಿಲ್ಲುತ್ತದೆ. ಸಂಜೆ ಹಳಿಯ ಹತ್ತಿರ ಒಬ್ಬಳೇ ಹೋಗಲು ಮನಸ್ಸು ಬರುವುದಿಲ್ಲ, ನಿಜ ಹೇಳುತ್ತೇನೆ.

ಹುಡುಗಿ ಹೋದ ಮೇಲೆ ನಾನು ಡಬ್ಬಿಗೆ ಅಳೆದು ತುಂಬಿದ್ದ ಅಕ್ಕಿಯಲ್ಲಿ ಈ ಶುಕ್ರವಾರ ಒಂದೆರಡು ಹುಳ ಕಂಡವು. ಅಕ್ಕಿ ತೆಗೆದಿಟ್ಟು, ಮಾರನೇ ದಿನ ಪೊಂಗಲ್ ಮಾಡಿ ಬೀದಿಗೆ ಹಂಚಿದೆ. ಹೊಸ ಅಕ್ಕಿ ಅಳೆದು ತುಂಬಿ, ಮೇಲೆ ಆ ಹಳೆಯ ಗಿಟುಕು ಇಟ್ಟು ಮುಚ್ಚಳ ಹಾಕಿದೆ. ಎದುರುಮನೆಗೂ ಒಂದು ಬಟ್ಟಲು ಕೊಟ್ಟುಬಂದೆ. ಹೊಸಬರು ತಗೊಂಡು, "ಏನ್ ವಿಶೇಷ ಇವತ್ತು?" ಅಂತ ಕೇಳಿದರು.

"ರೈಲು ಇನ್ನೂ ಬಂದಿಲ್ಲವಲ್ಲ, ಅದಕ್ಕೆ" ಅಂದೆ.